ಬಾಣಂತಿ ಕೋಣೆಯ ಡಚ್ ಚಿತ್ರಗಳು

ಮೊದಲ ಹೆರಿಗೆಗೆಂದು ಮಣ್ಣಗುಡ್ಡದ ತವರಿಗೆ ಬಂದಾಗ ಬಾಣಂತಿ ಕೋಣೆ ನನಗೆ ಸಿಗಲಿಲ್ಲ. ಅಲ್ಲಿ ಅಪ್ಪನ ಡಚ್ ಚಿತ್ರಗಳಿದ್ದವು. ಐವತ್ತರ ದಶಕದ ಕೊನೆಯ ಮಾತು ಇದು. ಸಿಟ್ಟು ನನಗೆ ಆಗಲೂ ಮೂಗಿನ ತುದಿಯಲ್ಲೇ.

ಅಪ್ಪನಿಗೆ ಪೇಟೆಯಲ್ಲಿ ಚಿತ್ರಗಳಿಗೆ ಕಟ್ಟು ಹಾಕುವ ಅಂಗಡಿ. ಅದರ ಮಾಳಿಗೆಯಲ್ಲಿ ಗ್ಯಾಲರಿ ತೆರೆದು ಊರಿನವರು ಬರೆದದ್ದನ್ನು ತೂಗುಹಾಕುತ್ತಿದ್ದರು. ಅವರ ಜೀವ ಮಾತ್ರ ಮನೆಯ ಈ ಕೋಣೆಯಲ್ಲಿ. ಕಾಫಿ ಕಾರ್ಖಾನೆಯ ದೊರೆಯೊಬ್ಬ ತನ್ನ ದೇಶಕ್ಕೆ ಮರಳುವಾಗ ಮಾರಿಹೋದ ಎಣ್ಣೆಬಣ್ಣದ ಚಿತ್ರಗಳು: ತಟ್ಟೆಯಲ್ಲಿ ಬಾಯಿ ತೆರೆದು ಬಿದ್ದ ಮೀನು, ಅರ್ಧ ಸುಲಿದ ನಿಂಬೆ, ಕಾಲು ಕಟ್ಟಿ ನೇತುಹಾಕಿದ ಮೊಲ, ಕಿಟಕಿಯ ಹತ್ತಿರ ಬಟ್ಟೆ ಹೊಲಿಯುವ ಮುದುಕಿ. "ದೇವರಿಲ್ಲ, ರಾಜರಿಲ್ಲ. ಇದ್ದದ್ದು ಇದ್ದ ಹಾಗೆ ಉಂಟು ನೋಡು," ಎನ್ನುತ್ತಿದ್ದರು. ಆ ಮೊಲದ ಕಣ್ಣು ಕಂಡರೆ ನಾನು ಮುಖ ತಿರುಗಿಸುತ್ತಿದ್ದೆ.

ಹೆಂಚಿನ ಸಂದಿಯಿಂದ ಧೂಳು, ಮಳೆಹನಿ ಬೀಳುತ್ತದೆಂದು ಆ ಕೋಣೆಗೆ ಹಲಗೆಯ ಮುಚ್ಚಿಗೆ ಹಾಕಿಸಿ, ಸಂದುಸಂದಿಗೂ ತಾವೇ ಮೇಣ ತುಂಬಿದ್ದರು. ಮಳೆಗಾಲದಲ್ಲಿ ಒಂದು ಹನಿ ಒಳಬಾರದ ಕೋಣೆ ಅದೊಂದೇ. ನನಗೆ ಅದೇ ಬೇಕಿತ್ತು.

"ಮಗಳಿಗಿಂತ ಸತ್ತ ಮೊಲ ಹೆಚ್ಚಾ ನಿಮಗೆ?" ಎಂದೆ.

"ಬೈ ಮಾರಾಯ್ತಿ, ಎಷ್ಟು ಬೇಕಾದರೂ ಬೈ. ಆ ಮುದುಕಿಯನ್ನು ಸೋರುವ ಕೋಣೆಯಲ್ಲಿಟ್ಟರೆ ಒಂದೇ ಮಳೆಗೆ ಹೋಗ್ತಾಳೆ."

"ನಾನು ಹೋದರೆ?"

ಅಮ್ಮ ಓಡಿಬಂದು ನನ್ನ ಬಾಯಿಗೆ ಕೈ ಅಡ್ಡ ಹಿಡಿದರು. ತುಂಬಿದ ಬಸುರಿ ಆಡುವ ಮಾತೇ ಅದು!

ಚಾವಡಿಯ ಪಕ್ಕದ ಕೋಣೆಯಲ್ಲೇ ಹೆತ್ತೆ. ಗಂಡುಮಗು. ಆಟಿ ತಿಂಗಳ ಮಳೆ ಹುಚ್ಚು ಹಿಡಿದಂತೆ ಸುರಿಯುತ್ತಿತ್ತು. ದಿನಾ ಸ್ನಾನವಾದ ಮೇಲೆ ಅಮ್ಮ ತೆಂಗಿನ ಗೆರಟೆಯ ಕೆಂಡ ತುಂಬಿದ ಅಗ್ಗಿಷ್ಟಿಕೆಗೆ ಧೂಪ ಹಾಕಿ, ಶೀತ ತಾಗದಂತೆ ಬಾಗಿಲು ಕಿಟಕಿ ಮುಚ್ಚುತ್ತಿದ್ದರು. ನಮ್ಮ ಮನೆಯ ಮಕ್ಕಳೆಲ್ಲ ಆ ಹೊಗೆಯಲ್ಲೇ ಬೆಳೆದವರು. ನನ್ನ ಮಂಚದ ಮೇಲೆ ಮಾತ್ರ ಒಂದು ಹೆಂಚು ಒಡೆದಿತ್ತು. ಗಾಳಿ ನುಗ್ಗಿ ಮುಖಕ್ಕೆ ಮಳೆಯ ಎರಚಲು ಹೊಡೆಯುತ್ತಿತ್ತು. ಅದನ್ನು ಸರಿ ಮಾಡಿಸಿ ಎಂದು ಬಾಯಿ ಬಡಿದುಕೊಂಡರೂ ಅಪ್ಪ ಕಿವಿಗೆ ಹಾಕಿಕೊಳ್ಳಲಿಲ್ಲ.

ಅವರ ಚಿಂತೆಯೇ ಬೇರೆ. ಅಷ್ಟು ಕಾಪಾಡಿದರೂ ಗೋಡೆಯ ತೇವ ಬಿಟ್ಟಿರಲಿಲ್ಲ. ಮುದುಕಿಯ ಕೆನ್ನೆಗೆ ಬೂಷ್ಟು ಬಂದಿತ್ತು. ಮಳೆ ನಿಂತ ಮೇಲೆ ಇಡೀ ಊರಿಗೆ ತೋರಿಸಬೇಕೆಂದು ಕಾದಿಟ್ಟ ಚಿತ್ರ. ಅಪ್ಪನಿಗೆ ಅನ್ನ ಸೇರಲಿಲ್ಲ. ನನ್ನ ಬಾಗಿಲಲ್ಲಿ ನಿಂತು ಅಗ್ಗಿಷ್ಟಿಕೆಯನ್ನೇ ನೋಡುತ್ತಾ, "ಮಗುವಿಗೆ ಆಗುವ ಮದ್ದು ಅವಳಿಗೂ ಆಗ್ತದೆ," ಎಂದರು.

"ಅಯ್ಯೋ, ಮುದುಕಿಗೆ ಬಾಣಂತನವಾ!" ಎಂದು ಅಮ್ಮ ನಕ್ಕರು. ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕೆ.

ಮರುದಿನ ಊಟವಾದ ಮೇಲೆ ಅಪ್ಪ ಅಗ್ಗಿಷ್ಟಿಕೆ ಹೊತ್ತು ಆ ಕೋಣೆಗೆ ಹೋದರು. ಕಿಡಿ ಹಾರಿ ಚಿತ್ರಕ್ಕೆ ತಾಗಿದರೆ ಎಂದು ಕಾಯಲು ಕುರ್ಚಿಯನ್ನೂ ಒಯ್ದರು. ಬಾಗಿಲ ಅಡಿಗೆ ಒಳಗಿನಿಂದ ಬಟ್ಟೆ ತುರುಕುವ ಸದ್ದು ಕೇಳಿತು. ಆಮೇಲೆ ಮಳೆಯ ಸದ್ದು ಮಾತ್ರ.

ಚಹಾದ ಹೊತ್ತಿಗೆ ಅಮ್ಮ ಕರೆದರು. ಅಪ್ಪ ಬರಲಿಲ್ಲ. "ನಿದ್ದೆ ಬಂದಿರಬೇಕು," ಎಂದೆ. ಮತ್ತೆ ಕರೆದರು. ಚಹಾ ಆರಿತು. ಅಮ್ಮ ಬಾಗಿಲಿಗೆ ಭುಜ ಕೊಟ್ಟು ದೂಡಿದರು.

ಅಪ್ಪ ಮುದುಕಿಯ ಎದುರು ಕುರ್ಚಿಯಲ್ಲಿ ಒರಗಿದ್ದರು. ಮುಖ ಕೆಂಪಗೆ, ಎಂದಿಗಿಂತ ಚೆನ್ನಾಗಿತ್ತು. ಮುಟ್ಟಿದ ಅಮ್ಮ ಕಿರುಚಿದರು.

ಉರ್ವದಿಂದ ಬಂದ ಡಾಕ್ಟರು, "ಕೆಂಡದ ವಿಷಗಾಳಿ ಅಮ್ಮ. ಹೊರಗೆ ಹೋಗಲಿಕ್ಕೆ ದಾರಿಯೇ ಇರಲಿಲ್ಲ," ಎಂದರು.

"ನಮ್ಮ ಕೋಣೆಯಲ್ಲಿ ದಿನಾ ಇಡ್ತೇವಲ್ಲ ಡಾಕ್ಟ್ರೇ, ನಮಗೆ ಯಾಕೆ ಎಂತದೂ ಆಗಲಿಲ್ಲ?" ಎಂದು ಕೇಳಿದೆ.

ಅವರು ನನ್ನ ಕೋಣೆಗೆ ಬಂದು ಮಂಚದ ಮೇಲಿನ ಒಡೆದ ಹೆಂಚಿನತ್ತ ಕೈ ತೋರಿಸಿದರು.

ಅಮ್ಮ ಅಳುತ್ತಿರಲಿಲ್ಲ. ನನ್ನನ್ನು, ಮಗುವನ್ನು ಒಂದೇ ಸಮನೆ ನೋಡುತ್ತಿದ್ದರು. "ನಿನಗೆ ಅದೇ ಕೋಣೆ ಬೇಕಿತ್ತಲ್ಲ," ಎಂದರು. "ಕೊಡಿ, ಕೊಡಿ ಎಂದು ನಾನೂ ಹೇಳಿದ್ದೆ. ಅವರು ಕೊಡಲಿಲ್ಲ."

ಎರಚಲು ಮಗುವಿನ ಹಣೆಗೆ ಬಿತ್ತು. ನಾನು ಮಂಚ ಸರಿಸಲಿಲ್ಲ.