ಮೆಕ್ಕೆಜೋಳದ ಅರಿಶಿಣ

ನಮ್ಮ ಊರುಗಳೆಲ್ಲ ಮೈಸೂರು ರಾಜ್ಯಕ್ಕೆ ಸೇರಿದ ವರ್ಷವೇ ನಾನೂ ಕೆಂಭಾವಿಯಿಂದ ಗೋಗಿಗೆ ಸೊಸೆಯಾಗಿ ಸೇರಿದೆ. ಎರಡು ಕಡೆಯೂ ಹೊಂದಾಣಿಕೆ ಕಷ್ಟವೇ ಇತ್ತು. ಬಳುವಳಿಯಾಗಿ ನನ್ನ ಜೊತೆ ಒಂದು ಗಬ್ಬದ ಎಮ್ಮೆ ಬಂದಿತ್ತು. ಆ ಮನೆಯಲ್ಲಿ ನನ್ನ ಕಡೆಯವರು ಅಂತ ಇದ್ದದ್ದು ಅದೊಂದೇ.

ಆ ಸಲ ಮಾವ ಬಾವಿ ಪಕ್ಕ ಮೆಕ್ಕೆಜೋಳ ಹಾಕಿದ್ದರು. ಮಳೆಗೆ ಹೆದರಿ, ತೆನೆ ಒಣಗುವ ಮೊದಲೇ ತಂದು ದೇವರ ಜಗಲಿಯ ಪಕ್ಕ ಒಟ್ಟಿದರು. ಹೊಸ ಬೆಳೆ ಬಂದರೆ ಅರಿಶಿಣ ಹಚ್ಚಿ ಪೂಜಿಸುವುದು ಆ ಮನೆಯ ಪದ್ಧತಿ. ಸೊಸೆ ಮಾಡುತ್ತಾಳೆ ಅಂತ ಅತ್ತೆ ಸುಮ್ಮನಿದ್ದರು, ಅತ್ತೆ ಮಾಡುತ್ತಾರೆ ಅಂತ ನಾನು ಸುಮ್ಮನಿದ್ದೆ. ಕೆಲವು ದಿನ ಬಿಟ್ಟು ನೋಡಿದರೆ ತೆನೆಗಳ ಮೇಲೆಲ್ಲ ಹಳದಿ ಪುಡಿ! ಸ್ವಲ್ಪ ಹಸಿರು ಬಣ್ಣವೂ ಇತ್ತು. ಈ ಊರಿನ ಅರಿಶಿಣವೇ ಹೀಗೇನೋ ಅಂದುಕೊಂಡು ದೀಪ ಹಚ್ಚಿದೆ. ಅತ್ತೆ ಊದಿನಕಡ್ಡಿ ಹಚ್ಚಿದರು. ಮಾವ ಹೋಗುತ್ತಾ ಬರುತ್ತಾ ಕೈಮುಗಿದರು. ದಿನದಿನಕ್ಕೆ ಅರಿಶಿಣ ಹೆಚ್ಚಿತು, ನಮ್ಮ ಭಕ್ತಿಯೂ ಹೆಚ್ಚಿತು.

ಒಂದು ದಿನ ಅತ್ತೆ ಆ ಕಾಳನ್ನು ಪ್ರಸಾದವೆಂದು ಎಮ್ಮೆಗಿಟ್ಟರು. ಎಮ್ಮೆ ಮೂಸಿ, ಬುಸ್ಸೆಂದು ಸೀನಿ, ಬುಟ್ಟಿಯನ್ನೇ ಉರುಳಿಸಿತು. ಮೂರು ದಿನ ಇದೇ ಹಾಡು.

"ನೋಡ್ರಿ ಇದರ ಸೊಕ್ಕ! ದೇವರ ಪ್ರಸಾದ ಒಲ್ಲಂತ. ಎಲ್ಲಾ ತವರಮನಿ ಗುಣ! ಬರೋ ಸಂತಿಗೆ ಹೊಡ್ಕೊಂಡ್ ಹೋಗಿ ಮಾರಿ ಬರ್ರಿ," ಎಂದು ಅತ್ತೆ ಮಾವನಿಗೆ ಹೇಳಿದರು.

ಎಮ್ಮೆ ಹೋದರೆ ನನಗ್ಯಾರು? ಅಳು, ಸಿಟ್ಟು ಒಟ್ಟಿಗೇ ಬಂದವು.

"ನೀವು ಅಷ್ಟ್ ಅರಿಶಿಣ ಬಡದ್ರ ಯಾವ ಎಮ್ಮಿ ತಿಂತೈತ್ರಿ ಅತ್ತಿ?"

"ನಾ ಎಲ್ಲಿ ಹಚ್ಚೀನಿ? ನೀ ಹಚ್ಚೀದಿ!"

"ದೇವರಾಣಿ, ನಾ ಮುಟ್ಟಿಲ್ರಿ!"

ಇಬ್ಬರೂ ಮಾವನ ಕಡೆ ತಿರುಗಿದೆವು.

"ನನ್ನ ಯಾಕ ನೋಡ್ತೀರಿ? ನಾ ಬರೇ ಕೈ ಮುಗದೀನಿ," ಎಂದು ಮಾವ ಒಂದು ತೆನೆ ಎತ್ತಿ ಊದಿದರು. ಪುಡಿ ಹಾರಿ ಮೀಸೆ ಹಳದಿಯಾಯಿತು. "ಇದರ ಮನಿ ಹಾಳಾಗ, ಬೂಷ್ಟು! ಇದನ್ನ ತಿಂದ್ರ ದನಾ ಉಳೀತಾವೇನು?"

ಇಷ್ಟು ದಿನ ಮೂವರೂ ಬೂಷ್ಟಿಗೆ ಪೂಜೆ ಮಾಡಿದ್ದೆವು. ಅದರಲ್ಲಿ ದನಕ್ಕೂ ಮನುಷ್ಯರಿಗೂ ಆಗದ ವಿಷವಿರುತ್ತದೆ ಎಂದು ದನದ ಡಾಕ್ಟರೊಬ್ಬರು ಬಿಡಿಸಿ ಹೇಳಿದ್ದು ಎಷ್ಟೋ ವರ್ಷದ ಮೇಲೆ. ಎಮ್ಮೆಗೆ ಮಾತ್ರ ಅವತ್ತೇ ಗೊತ್ತಿತ್ತು.

ಮಾವ ತೆನೆಗಳನ್ನು ಊರಾಚೆ ಒಯ್ದು ಹೂಳಿ ಬಂದರು. ಅತ್ತೆ ನಿಜವಾದ ಅರಿಶಿಣ, ಕುಂಕುಮ ತಂದು ಎಮ್ಮೆಯ ಹಣೆಗಿಟ್ಟರು. "ತಪ್ಪಾತು ನಮ್ಮವ್ವಾ. ಇದು ನಿಂದ ಮನಿ, ಎಲ್ಲೂ ಹೋಗಬ್ಯಾಡ," ಎಂದು ಕೈಮುಗಿದರು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನಾನು ಎಮ್ಮೆಯ ಕೊರಳು ತಬ್ಬಿ ಪಕ್ಕದಲ್ಲೇ ನಿಂತಿದ್ದೆ. ಆ ಮಾತಿನಲ್ಲಿ ಅರ್ಧ ನನಗೆ ಹೇಳಿದ್ದು ಅಂತ ಇಟ್ಟುಕೊಂಡೆ.