ಖಂಡೆ ಪೂಜೆಯ ಕೊಡಲಿ

...ಹತ್ತಿಯದೇ ಇರಬೇಕು. ಅಥವಾ ನೈಲಾನ್. ಹೊರ್ತಿಯ ಆಚೆಯ ಆ ಅಂಗಳದಲ್ಲಿ ಪೆಟ್ಟಿಗೆಯಿಂದ ಮಾದರಿ ಒರೆಸಿಕೊಳ್ಳುವ ಯಾವ ಸ್ವ್ಯಾಬ್ ಕಡ್ಡಿ ತೆಗೆದೆ ಎಂದು ನೆನೆದರೆ ಈಗ ಎರಡೂ ಕೈಗೆ ಬರುತ್ತವೆ.

ಅಪರಾಧ ನಡೆದಲ್ಲಿ ಡಿಎನ್‌ಎ ಮಾದರಿ ಎತ್ತುವುದು ನನ್ನ ಕೆಲಸ. ಇಂಡಿಯಿಂದ ಕರೆ ಬರಲಿ, ಮುದ್ದೇಬಿಹಾಳದಿಂದ ಬರಲಿ, ಅದೇ ಪೆಟ್ಟಿಗೆ. ಗಾಜು, ಸ್ಟೀಲಿಗೆ ಹತ್ತಿ ಸಾಕು. ಒರಟು ಕಟ್ಟಿಗೆಯಲ್ಲಿ ಅದು ಸಿಬಿರಿಗೆ ಸಿಕ್ಕಿ ಹರಿಯುತ್ತದೆ. ಹೀರಿದ್ದನ್ನು ಪ್ರಯೋಗಾಲಯದಲ್ಲಿ ಪೂರ್ತಿ ಬಿಟ್ಟುಕೊಡುವುದೂ ಇಲ್ಲ. ಮಖಮಲ್ಲಿನಂತೆ ಎಳೆ ನಿಂತ ನೈಲಾನ್ ತುದಿ ಬಿರುಕಿಗೂ ಇಳಿಯುತ್ತದೆ.

ಹಿಂದಿನ ಸಂಜೆ ಯಾರೋ ಪಕ್ಕದ ಹೊಲದವನ ತಲೆಗೆ ಕೊಡಲಿಯಿಂದ ಹೊಡೆದಿದ್ದರು. ಅವನಿಗೆ ಎಚ್ಚರವಿರಲಿಲ್ಲ. ಅವನೊಂದಿಗೆ ಬದುವಿನ ಜಗಳವಿದ್ದ ಈ ಮನೆಯ ಮಗ ಠಾಣೆಯಲ್ಲಿದ್ದ. ಮನೆಯ ಕೊಡಲಿಯಲ್ಲಿ ಗಾಯಾಳುವಿನ ರಕ್ತ ಸಿಕ್ಕರೆ ಮಗನ ಕಥೆ ಮುಗಿದಂತೆ.

ಕೊಡಲಿ ತೊಳೆದಿತ್ತು. ವಿಭೂತಿ, ಕುಂಕುಮ ಹಚ್ಚಿಸಿಕೊಂಡು ಕುಡುಗೋಲು, ಕಳೆ ತೆಗೆಯುವ ಕುರ್ಪಿಗಳ ಸಾಲಿನಲ್ಲಿ ಗೋಡೆಗೆ ಒರಗಿತ್ತು. ಅಂದು ಖಂಡೆ ಪೂಜೆ, ನವರಾತ್ರಿಯ ಆಯುಧ ಪೂಜೆ.

“ಯವ್ವಾ, ನೀವ ತೊಳದ್ರೇನು?” ಠಾಣೆಯಲ್ಲಿದ್ದವನ ತಾಯಿಯನ್ನು ಕೇಳಿದೆ.

“ಮತ್ಯಾರು? ಪೊಲೀಸ್ರು ಬಂದು ತೊಳದು ಕೊಡ್ತಾರೇನ್ರಿ?”

ಜೊತೆಗಿದ್ದ ಪೇದೆ ಮುಸಿನಕ್ಕ.

“ಹಬ್ಬದ ದಿನ ಇಡೀ ಊರ ತೊಳದೈತಿ,” ಎಂದಳು. “ನಮ್ಮನಿ ನೀರಷ್ಟ ಯಾಕ ಕಾಣ್ತೈತ್ರಿ ಸಾಹೇಬ್ರ?”

ನಾನು ಸ್ವ್ಯಾಬಿಗೆ ಶುದ್ಧ ನೀರಿನ ಹನಿ ಬಿಟ್ಟು, ಕಬ್ಬಿಣವೂ ಹಿಡಿಯುವ ಜಾಲಿ ಕಟ್ಟಿಗೆಯ ಕಾವೂ ಕೂಡುವ ಸಂದಿಯಲ್ಲಿ ಹೊರಳಿಸಿದೆ. ಆಕೆ ಬಗ್ಗಿ ನೋಡಿದಳು.

“ಕಿವ್ಯಾಗ ಹಾಕೂ ಕಡ್ಡಿ ಅಲ್ಲೇನ್ರಿ ಇದು? ಇದು ನನ್ನ ಮಗನ್ನ ಜೇಲಿಗಿ ಕಳಸತೈತಿ?”

ನಗುತ್ತಲೇ ಕೇಳಿದಳು. ಕಣ್ಣು ಮಾತ್ರ ಕಡ್ಡಿಯನ್ನು ಬಿಟ್ಟಿರಲಿಲ್ಲ.

ಕುಡುಗೋಲಿನ ಸಂದಿಯಲ್ಲಿ ಮಣ್ಣು ಹಾಗೇ ಇತ್ತು, ಕುರ್ಪಿಯದರಲ್ಲೂ. ಕೊಡಲಿಯ ಸಂದಿಯನ್ನು ಮಾತ್ರ ಯಾರೋ ಕೆದರಿ ಸ್ವಚ್ಛ ಮಾಡಿದಂತಿತ್ತು. ಹಾಗೆಂದು ನನ್ನ ನೆನಪು. ಆದರೆ ಫೋಟೊ ತೆಗೆದದ್ದು ಕೊಡಲಿಯದು ಮಾತ್ರ. ಆ ಮಣ್ಣು ಅಲ್ಲಿ ಇದ್ದದ್ದೋ, ಸಂಶಯ ಬಲಿತ ಮೇಲೆ ನೆನಪಿಗೆ ನಾನೇ ಮೆತ್ತಿದ್ದೋ? ಆಕೆಯ ನಗುವನ್ನೂ ಈಗ ನಂಬುವುದಿಲ್ಲ. ಅದೂ ನನ್ನದೇ ಸೇರ್ಪಡೆ ಇರಬಹುದು.

ಸ್ವ್ಯಾಬಿನಲ್ಲಿ ಮನುಷ್ಯರ ಡಿಎನ್‌ಎ ಸಿಕ್ಕಿತು. ಯಾರದೆಂದು ಹೇಳಲು ಸಾಲದಷ್ಟು. ಎಚ್ಚರವಾದ ಗಾಯಾಳು, ಪೆಟ್ಟು ಹಿಂದಿನಿಂದ ಬಿತ್ತು, ಮುಖ ಕಾಣಲಿಲ್ಲ ಎಂದ. ಮಗ ಮನೆಗೆ ಬಂದ.

ಇಂಡಿಯ ಕಡೆ ಹೋಗುವಾಗ ಹೊರ್ತಿಯ ದಾರಿ ಹಿಡಿದರೆ ಇಬ್ಬರ ಹೊಲವೂ ಕಾಣುತ್ತದೆ, ನಡುವೆ ಅದೇ ಬದು. ಇನ್ನೊಂದು ಬಗೆಯ ಸ್ವ್ಯಾಬ್ ಹಿಡಿದಿದ್ದರೆ ಡಿಎನ್‌ಎ ಸಾಲುತ್ತಿತ್ತೇ, ಆ ಸಂದಿಯಲ್ಲಿ ರಕ್ತವೇ ಇತ್ತೇ, ತಾಯಿ ಏನನ್ನು ತೊಳೆದಳು, ನನಗೆ ಗೊತ್ತಿಲ್ಲ.