ಲಾಜಿಮ್ ಮುಟ್ಟದ ಬಟ್ಟಲು

ಬೆಳಕು ಹರಿಯುವ ಮುಂಚೆಯೇ ಲಾಜಿಮ್ ಸುಹೈನ್ ದೋಣಿಯನ್ನು ಜೊಂಡಿನ ಸಂದಿಗೆ ನೂಕುತ್ತಾನೆ. ಕೋಲು ಊರಿ ನೀರಿಗೆ ಬಗ್ಗಿ ನೋಡುತ್ತಾನೆ. ಜೊಂಡಿನ ಬುಡದಲ್ಲಿ ಬುನ್ನಿ ಮೀನಿನ ಮೊಟ್ಟೆಗಳು ಅಂಟಿಕೊಂಡಿವೆ. ಪಕ್ಕದಲ್ಲೇ ಬೆರಳುದ್ದದ ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿವೆ. ಯಾರೋ ಮೀನು ಹಿಡಿಯಲು ಬ್ಯಾಟರಿಯಿಂದ ನೀರಿಗೆ ಕರೆಂಟು ಬಿಟ್ಟಿದ್ದಾರೆ. ಯಾರೆಂದು ಚಿಬಾಯಿಶ್ ಊರಿನಲ್ಲಿ ಕೇಳಬೇಕಾಗಿಲ್ಲ. ಬ್ಯಾಟರಿ ಲಾಜಿಮ್‌ನ ಹೆಂಡತಿಯ ಅಣ್ಣ ಫಾಲಿಹ್‌ನದು.

ಇರಾಕಿನ ಯೂಫ್ರೆಟಿಸ್ ನದಿಯ ಈ ಜೌಗಿಗೆ ಲಾಜಿಮ್ ಕಾವಲುಗಾರ. ಕೈಯಲ್ಲಿ ಕೋವಿಯಿಲ್ಲ, ದಂಡ ಹಾಕುವ ಅಧಿಕಾರವೂ ಇಲ್ಲ. ಮೇಲಿನಿಂದ ಬರುವ ನೀರು ವರ್ಷವರ್ಷಕ್ಕೂ ಸೊರಗುತ್ತಿದೆ, ಉಪ್ಪು ಏರುತ್ತಿದೆ. ಬುನ್ನಿ ಮೊಟ್ಟೆಯಿಡಲು ಸುತ್ತಮುತ್ತ ಉಳಿದಿರುವ ಸಿಹಿನೀರಿನ ಕಾಲುವೆ ಇದೊಂದೇ. ಈ ವಸಂತದಲ್ಲಿ ಮೊಟ್ಟೆ ಕೆಟ್ಟರೆ ಮುಂದೆ ಊರಿಗೆ ಮೀನಿಲ್ಲ.

ಪೊಲೀಸರನ್ನು ಕರೆದರೆ ಬರುತ್ತಾರೆ. ಅವರು ಹೋದ ಮೇಲೆ ಹಗೆ ಉಳಿಯುತ್ತದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಲಾಜಿಮ್ ಹಿರಿಯರ ದಾರಿ ಹಿಡಿದಿದ್ದಾನೆ. ತಪ್ಪು ಮಾಡಿದವನ ಮನೆಗೆ ಹೋಗಿ, ಕೊಟ್ಟ ಕಾಫಿಯನ್ನು ಕುಡಿಯದೆ ನೆಲದ ಮೇಲಿಡುತ್ತಾನೆ. ಏನನ್ನೋ ಕೇಳಿಕೊಳ್ಳಲು ಬಂದಿದ್ದೇನೆ ಎಂದು ಅದರರ್ಥ; ಕೇಳಿದ್ದು ಸಿಕ್ಕ ಮೇಲೇ ಕುಡಿಯುವುದು. ಅತಿಥಿ ಬಟ್ಟಲು ಮುಟ್ಟದೆ ಎದ್ದುಹೋದರೆ ಮನೆಯ ಮಾನ ಹೋದಂತೆ.

ಭಾವನ ಮನೆಗೆ ಮಾತ್ರ ಇಷ್ಟು ದಿನ ಹೋಗಿರಲಿಲ್ಲ. ಹೆಂಡತಿ ಖೈರಿಯಾ ಖಡಾಖಂಡಿತವಾಗಿ ಹೇಳಿದ್ದಳು: "ಅಲ್ಲಿ ಬಟ್ಟಲು ಬಿಟ್ಟು ಎದ್ದು ಬಂದ್ರೆ ನನ್ನ ತವರು ಅಲ್ಲಿಗೆ ಮುಗೀತು."

ಇವತ್ತು ಹೋಗಿ ಕೂತಿದ್ದಾನೆ. ಕಾಫಿ ಬರುತ್ತದೆ. ನೆಲಕ್ಕಿಡುತ್ತಾನೆ. ಫಾಲಿಹ್‌ನ ಮುಖ ಕಪ್ಪಿಡುತ್ತದೆ.

"ಉಪ್ಪುನೀರು ಕುಡಿದು ನನ್ನ ಎಮ್ಮೆಗಳು ಸತ್ವು. ಈಗ ನಿನ್ನ ಮೀನಿನ ಮೊಟ್ಟೆ ಕಾಯ್ಕೊಂಡು ಮಕ್ಕಳನ್ನ ಉಪವಾಸ ಕೆಡವ್ಲಾ?"

"ಮರಿ ಆಗೋವರೆಗೆ ತಡಿ, ಭಾವ. ಅಲ್ಲಿತನಕ ನಮ್ಮೆಮ್ಮೆ ಹಾಲು ನಿಮ್ಮನೆಗೆ."

ಫಾಲಿಹ್ ಗೊಣಗುತ್ತಾನೆ. ತಂಗಿಯನ್ನು ಕೊಟ್ಟಿದ್ದು ಸಾಲದೆಂದು ಬ್ಯಾಟರಿಯನ್ನೂ ಕೊಡಬೇಕಂತೆ. ಯಾರೂ ನಗುವುದಿಲ್ಲ. ಕಾಫಿ ಆರುತ್ತದೆ. ಲಾಜಿಮ್ ಅದನ್ನೇ ನೋಡುತ್ತಾ ಕೂತಿದ್ದಾನೆ, ಅವನಿಗೆ ಹೆದರಿಕೆಯಾಗಿದೆ. ಕಡೆಗೆ ಫಾಲಿಹ್ ಎದ್ದು ಒಳಗೆ ಹೋಗಿ, ಬ್ಯಾಟರಿಯನ್ನು ತಂದು ಬಟ್ಟಲಿನ ಪಕ್ಕ ಕುಕ್ಕುತ್ತಾನೆ.

"ಕುಡಿ. ಕೇಳಿದ್ದು ಕೊಟ್ಟಾಯ್ತು."

ಲಾಜಿಮ್ ಒಂದೇ ಗುಟುಕಿಗೆ ಕುಡಿಯುತ್ತಾನೆ.

ಬ್ಯಾಟರಿ ಹೊತ್ತ ದೋಣಿ ಮನೆಯತ್ತ ತಿರುಗುತ್ತದೆ. ಇನ್ನೇನು ಆಸೆಯಿದೆ ಎಂದು ಯಾರಾದರೂ ಕೇಳಿದರೆ ಅವನು ಕೋಲು ಊರುತ್ತಲೇ ಹೇಳುತ್ತಾನೆ: "ಊರಿನ ಎಷ್ಟೋ ಮನೇಲಿ ಕಾಫಿ ಕುಡಿದಿದೀನಿ, ಎಲ್ಲಾ ಆರಿದ್ದೇ. ಏನೂ ಕೇಳೋದಿಲ್ದೆ ನೆಂಟನ ಥರ ಹೋಗಿ, ಒಂದ್ಸಲ ಬಿಸಿಯಾಗಿ ಕುಡೀಬೇಕು."